ಭಾವನವರು ಕರೆಯದ ಹೆಸರು

ಗೋರ್ವಾ, ವಡೋದರಾ
ಭಾನುವಾರ, ೧೬ ನವೆಂಬರ್ ೨೦೨೫

ಪ್ರೀತಿಯ ಗೌರಕ್ಕಾ,

ನೆರೆದಿರುವ ಮಹಾಜನರೇ, ತಾಯಂದಿರೇ, ಕೊನೆಯ ಬೆಂಚಿನಲ್ಲಿ ಕಡಲೆಕಾಯಿ ಸುಲಿಯುತ್ತಿರುವ ರಸಿಕರೇ. ಹೀಗೆ ಕೂಗದೆ ನನಗೆ ಮಾತೇ ಹೊರಡುವುದಿಲ್ಲವೆಂದು ನೀನು ಬಲ್ಲೆ. ಇಂದು ಸಭೆಯಲ್ಲಿರುವುದು ನೀನೊಬ್ಬಳೇ. ಮಂಡಿನೋವು ಹೇಗಿದೆ? ಸೂರತ್ತಿನ ಆ ಆರನೇ ಮಹಡಿಯ ಲಿಫ್ಟು ಸರಿಹೋಯಿತೇ? ಮಗ ಅನಿರುದ್ಧ ಬ್ಯಾಂಕಿನಿಂದ ಹೊತ್ತಿಗೆ ಸರಿಯಾಗಿ ಬರುತ್ತಾನೆಯೇ? ನಾನು ಕ್ಷೇಮ. ಅಂದರೆ, ಬಿ.ಪಿ. ಮಾತ್ರೆ ನುಂಗುತ್ತಿದ್ದೇನೆ, ಕನ್ನಡಿ ನೋಡಿಕೊಳ್ಳುತ್ತಿಲ್ಲ.

ಬುಧವಾರ ಭಾವನವರ ವರ್ಷಾಬ್ದಿಕ. “ಊಟ ಆದ್ಮೇಲೆ ಎಲ್ಲರೆದುರು ಅವರ ಧ್ವನಿ ಹಾಕಿಸ್ತೀನಿ, ಟ್ರಂಕಿನಲ್ಲಿ ಕ್ಯಾಸೆಟ್ ಸಿಕ್ಕ ಕಥೇನ ನೀನೇ ಹೇಳ್ಬೇಕು” ಎಂದು ನಿನ್ನೆ ಫೋನಿನಲ್ಲಿ ಅಂದೆಯಲ್ಲ, ಆಗಿನಿಂದ ಈ ಕಾಗದವನ್ನು ಬರೆದು ಬರೆದು ಹರಿಯುತ್ತಿದ್ದೇನೆ.

ಅಕ್ಕಾ, ಕ್ಯಾಸೆಟ್ ಸಿಕ್ಕಿದ್ದು ನಿಜ. ನನ್ನ ಮಗಳು ವಿಂಧ್ಯಾಳ ನಾಮಕರಣದ್ದು. ಭಾವನವರು ಅಡಿಗೆಯವರೊಡನೆ, ಪುರೋಹಿತರೊಡನೆ ಆಡಿದ ಮಾತೆಲ್ಲ ಸೇರಿ ಒಂದೂವರೆ ನಿಮಿಷವಿದ್ದೀತು. ನಿನ್ನ ಫೋನಿಗೆ ನಾನು ಕಳಿಸಿದ ಧ್ವನಿ ಅದಲ್ಲ. ದೀಪಾವಳಿಗೆ ಅಹಮದಾಬಾದಿಗೆ ಹೋದಾಗ, ಸ್ಯಾಟಲೈಟ್ ಬಡಾವಣೆಯ ವಿಂಧ್ಯಾಳ ಮನೆಯಲ್ಲಿ ಕೂತು, ಆ ಧ್ವನಿಯನ್ನು ಕಂಪ್ಯೂಟರಿಗೆ ಹಾಕಿಸಿ ಹೊಸ ಮಾತು ಬರೆದುಕೊಟ್ಟೆ. ಎಐ ಅದನ್ನು ಭಾವನವರ ಕಂಠದಲ್ಲಿ ಓದಿತು. “ಗೌರೀ, ನೀನಿಲ್ಲದಿದ್ದರೆ ನನ್ನ ಸಂಸಾರ ಎಲ್ಲಿರುತ್ತಿತ್ತು” ಎಂಬ ಸಾಲು ನನ್ನದು. ನಡುವಿನ ಬಿಕ್ಕೂ ನನ್ನದೇ. ನಿನಗೆಂದು ಗುಟ್ಟಾಗಿ ಮಾತಾಡಿಟ್ಟಿದ್ದಾರೆ ಎಂದದ್ದು ಹಸಿ ಸುಳ್ಳು. ಚಿಕ್ಕಂದಿನಿಂದ ರಂಗದ ಪಕ್ಕದಲ್ಲಿ ನಿಂತು, ಮಾತು ಮರೆತ ನಟರಿಗೆ ಎತ್ತಿಕೊಟ್ಟವನು ನಾನು. ಸತ್ತವರಿಗೂ ಎತ್ತಿಕೊಡಬಲ್ಲೆನೆಂಬ ಗರ್ವ ಬಂತು.

ವಿಂಧ್ಯಾ ಶುರುವಿನಲ್ಲಿ ಒಂದು ಸಾಲು ಸೇರಿಸಿದ್ದಳು: ಇದು ಯಂತ್ರದಿಂದ ಮಾಡಿದ ಧ್ವನಿ. “ಅಪ್ಪಾ, ಇದು ಇರ್ಲೇಬೇಕು. ಅತ್ತೆ ನಿಜ ಅಂದ್ಕೊಂಡ್ರೆ?” ಎಂದಳು. “ಪರದೆ ಏಳೋಕ್ಮುಂಚೆ, ರಾಜನ ಮೀಸೆ ಅಂಟಿಸಿದ್ದು ಅಂತ ಯಾರಾದ್ರೂ ಡಂಗುರ ಹೊಡೀತಾರೇನೇ” ಎಂದು ನಕ್ಕೆ. ಮನೆಗೆ ಬಂದವನೇ ಆ ಸಾಲನ್ನು ಕತ್ತರಿಸಿ ನಿನಗೆ ಕಳಿಸಿದೆ. ನಾಟಕಕ್ಕೆ ಬರುವವರು ಮೀಸೆ ಅಂಟಿಸಿದ್ದೆಂದು ತಿಳಿದೇ ಟಿಕೆಟ್ ಕೊಳ್ಳುತ್ತಾರೆ. ನಿನಗೆ ಯಾರು ತಿಳಿಸಿದ್ದರು?

ನೀನು ಅಳುತ್ತೀಯೆಂದು ಗೊತ್ತಿತ್ತು. ಚಪ್ಪಾಳೆಗೆ ಕಾಯುವವನಂತೆ ಕಾದಿದ್ದೆ. ಆದರೆ ನೀನು ಅತ್ತದ್ದು ನಾನೆಣಿಸಿದ್ದಕ್ಕಲ್ಲ. “ನಲವತ್ತೊಂದು ವರ್ಷ ‘ಏ, ಇವಳೇ’ ಅಂತ್ಲೇ ಕರೆದ್ರು ಕಣೋ ವದನಾ. ಒಂದು ಸಲನಾದ್ರೂ ಹೆಸರು ಹಿಡಿದ್ರಲ್ಲೋ” ಎಂದೆ. ನಮ್ಮ ಮನೆಗಳಲ್ಲಿ ಆ ಕಾಲದ ಗಂಡಸರು ಹೆಂಡತಿಯ ಹೆಸರು ಹಿಡಿಯುತ್ತಿರಲಿಲ್ಲವೆಂಬುದನ್ನೇ ಸಂಭಾಷಣೆ ಬರೆಯುವ ಗುಂಗಿನಲ್ಲಿ ಮರೆತಿದ್ದೆ. ರಂಗದ ರಾಜರೆಲ್ಲ ರಾಣಿಯರನ್ನು ಹೆಸರಿಟ್ಟೇ ಕರೆಯುತ್ತಾರಲ್ಲ. ಈಗ ನೀನು ದಿನಾ ದೀಪ ಹಚ್ಚುವ ಮುನ್ನ ಅದನ್ನು ಕೇಳುತ್ತೀಯಂತೆ. ನನ್ನ ಸುಳ್ಳು ನಿನ್ನ ದೇವರ ಮನೆಯೊಳಗೆ ಹೋಗಿ ಕುಳಿತಿದೆ.

ಅನಿರುದ್ಧನಿಗೂ ಸೊಸೆ ರಚನಾಗೂ ಆಶೀರ್ವಾದ. ನಿನಗೆ ನಮಸ್ಕಾರ, ತಿರುಗಿ ಹರಸಬೇಕೆಂದು ಕೇಳುವ ಮುಖ ನನಗಿಲ್ಲ.

ನಿನ್ನ ತಮ್ಮ,
ಹಯವದನ

ತಾ.ಕ.: ಅಂಚೆಗೆ ಹಾಕಿದರೆ ಇದು ಬುಧವಾರದೊಳಗೆ ಮುಟ್ಟುವುದಿಲ್ಲ. ಫೋನು ಮಾಡಿದರೆ ನನ್ನ ಗಂಟಲು ನಟಿಸಿಬಿಡುತ್ತದೆ. ಈಗಷ್ಟೇ ಅಸಲಿ ಕ್ಯಾಸೆಟ್ಟನ್ನು ಮತ್ತೆ ಕೇಳಿದೆ. ಪಾತ್ರೆಗಳ ಸದ್ದಿನ ನಡುವೆ ಭಾವನವರು ಅಡಿಗೆಯವರಿಗೆ ಹೇಳುತ್ತಾರೆ: “ಇವಳು ಊಟ ಮಾಡಿದ್ಲಾ? ಬೆಳಿಗ್ಗೆಯಿಂದ ನಿಂತೇ ಇದಾಳೆ. ಮೊದ್ಲು ಅವಳಿಗೆ ಬಡಿಸಿ.” ಹೆಸರು ಎಲ್ಲಿಯೂ ಇಲ್ಲ. ಹಳೆಯ ಟೇಪ್ ರೆಕಾರ್ಡರನ್ನು ಚೀಲಕ್ಕೆ ಹಾಕಿದ್ದೇನೆ. ನಾಳೆ ಬೆಳಿಗ್ಗೆ ಮೊದಲ ರೈಲಿಗೆ ಸೂರತ್ತಿಗೆ ಬಂದು, ಈ ಕಾಗದವನ್ನು ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವವರೆಗೆ ಬಾಗಿಲ ಹೊರಗೆ ನಿಂತಿರುತ್ತೇನೆ. ಕರೆದರೆ ಮಾತ್ರ ಒಳಗೆ ಬರುತ್ತೇನೆ.