ಆ ಹಳದಿ ಮಾತ್ರೆ ಬಿಡಬೇಡ

ಮಾರ್ಚ್ ೧೧, ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಫೋನಿನಲ್ಲಿ ಹಾಗೆ ಕಿರುಚಿದ್ದಕ್ಕೆ ಮೊದಲು ಕ್ಷಮಿಸು. "ಯಾಕಮ್ಮಾ ಇಷ್ಟು ಗಾಬರಿ?" ಎಂದು ನೀನು ಕೇಳಿದ್ದಕ್ಕೆ "ಕಾರಣ ಬರೀತೀನಿ, ಮೊದಲು ಮಾತ್ರೆ ನುಂಗು" ಎಂದವಳು ಒಂಬತ್ತು ದಿನ ಪೆನ್ನು ಮುಟ್ಟಲಿಲ್ಲ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪನ ಮಂಡಿನೋವು ಅವರಷ್ಟೇ ಹಟಮಾರಿ.

ತಪ್ಪು ನನ್ನದೇ. ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ಮೂವತ್ತು ವರ್ಷ ಒಂದೇ ರಾಗ ಹಾಡಿದೆ: "ಹೊಟ್ಟೆ ತುಂಬ ಊಟ ಮಾಡಿ. ಈ ವಿಟಮಿನ್ ಬಾಟಲಿಯಿಂದ ಬಣ್ಣ ಬರೋದು ಮೂತ್ರಕ್ಕೆ, ಮುಖಕ್ಕಲ್ಲ." ನೀನು ಫೋನ್ ಮಾಡಿದ ದಿನವೂ ನಿವೃತ್ತ ಮೇಷ್ಟ್ರು ನೆನಪಿನ ಶಕ್ತಿಯ ಮಾತ್ರೆ ಕೇಳಲು ಬಂದಿದ್ದರು.

"ಸಾವಿರಾರು ಜನರಿಗೆ ಕೊಟ್ಟು ನೋಡಿದ್ದಾರೆ ಮೇಷ್ಟ್ರೇ, ಹೇಳಿಕೊಳ್ಳೋಂಥ ಉಪಯೋಗ ಕಂಡಿಲ್ಲ" ಎಂದೆ.

"ಹೋದ ತಿಂಗಳೂ ಇದನ್ನೇ ಹೇಳಿದ್ರಾ?"

"ಹೇಳಿದ್ದೆ."

"ನೋಡಿ, ಅದಕ್ಕೇ ಮಾತ್ರೆ ಬೇಕು!"

ಅವರು ನಗುತ್ತಾ ಮೆಟ್ಟಿಲಿಳಿಯುವಷ್ಟರಲ್ಲಿ ನಿನ್ನ ಫೋನು: "ಅಮ್ಮಾ, ಟೆಸ್ಟಲ್ಲಿ ಎರಡು ಗೆರೆ ಬಂತು!" ಸಂತೋಷಕ್ಕೆ ಮೇಷ್ಟ್ರನ್ನು ವಾಪಸ್ ಕೂಗಿ ಹೇಳಬೇಕೆನಿಸಿತು. ಮರುಕ್ಷಣವೇ ನೀನಂದೆ: "ಡಾಕ್ಟರು ಮೂರು ತಿಂಗಳ ಹಿಂದೆನೇ ಫೋಲಿಕ್ ಮಾತ್ರೆ ಬರೆದಿದ್ರು. ಎಲ್ಲಾ ದಂಡ ಅಂತ ನೀನೇ ಹೇಳ್ತೀಯಲ್ಲ, ಡ್ರಾಯರಲ್ಲೇ ಬಿದ್ದಿದೆ."

ಎಲ್ಲವೂ ದಂಡವಲ್ಲ, ಗುಬ್ಬೀ. ಇದೊಂದಕ್ಕೆ ಗಟ್ಟಿ ಪುರಾವೆ ಇದೆ. ಹೊಟ್ಟೆಯೊಳಗೆ ಮಗುವಿನ ಬೆನ್ನು ಮುಚ್ಚಿಕೊಳ್ಳುವುದು ಮೊದಲ ನಾಲ್ಕು ವಾರಗಳಲ್ಲಿ, ತಾಯಿಗೆ ಸುದ್ದಿ ತಿಳಿಯುವ ಹೊತ್ತಿಗೆ ಅದು ಮುಗಿಯುತ್ತಾ ಬಂದಿರುತ್ತದೆ. ಗರ್ಭ ನಿಲ್ಲುವ ಮೊದಲಿನಿಂದಲೇ ಆ ಹಳದಿ ಮಾತ್ರೆ ತೆಗೆದುಕೊಂಡವರಲ್ಲಿ ಬೆನ್ನು ತೆರೆದೇ ಉಳಿಯುವ ತೊಂದರೆ ಬಹಳ ಕಡಿಮೆ. ನನಗೀಗ ಬೆರಳು ಮಡಚಿ ವಾರ ಎಣಿಸುವುದೇ ಕೆಲಸ. ಮೊನ್ನೆ ಕೆಮ್ಮಿನ ಔಷಧಿ ಕೇಳಿದವರಿಗೆ ಕಣ್ಣಿನ ಹನಿ ಕೊಟ್ಟೆ. ಪುಣ್ಯಕ್ಕೆ ಅವರೇ ನೋಡಿ ವಾಪಸ್ ಕೊಟ್ಟರು. "ನಿನ್ನ ಜೀವ ಎಲ್ಲಿದೆ?" ಎಂದು ಅಪ್ಪ ಕೇಳಿದರು. ಎಲ್ಲಿದೆ ಎಂದು ಅವರಿಗೂ ಗೊತ್ತು.

ಮಾತ್ರೆ ಇಲ್ಲದೆಯೂ ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಹುಟ್ಟುತ್ತವೆ. ಅದೂ ಪುರಾವೆಯೇ. ದಿನಕ್ಕೆ ಹತ್ತು ಸಲ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಮಾತ್ರೆ ನೆನಪಿಸಲಿಲ್ಲವೆಂದು ಅಳಿಯನನ್ನು ಗದರಿಸಬೇಡ, ಪಾಪ. ಸ್ಕ್ಯಾನಿನ ದಿನ ನಾನು ನಿನ್ನ ಪಕ್ಕದಲ್ಲಿರುತ್ತೇನೆ. ನಿನ್ನ ಒಡಲು ತಣ್ಣಗಿರಲಿ, ಕಂದಾ.

ನಿನ್ನ
ಅಮ್ಮ

ಇನ್ನೊಂದು ಮಾತು: "ನಿಮ್ಮ ಮನೆಯಲ್ಲಿ ಯಾವ ಮಗುವಿಗಾದರೂ ಹುಟ್ಟಿನಿಂದಲೇ ಬೆನ್ನಿನ ತೊಂದರೆ ಆಗಿತ್ತಾ?" ಎಂದು ಡಾಕ್ಟರು ಕೇಳಿದಾಗ ನೀನು ಇಲ್ಲ ಎಂದಿರುತ್ತೀ. ಆಗಿತ್ತು. ಈ ಪತ್ರ ಕೈಸೇರಿದ ದಿನವೇ ಹೋಗಿ ಹೇಳು. ನಿನಗಿಂತ ಎರಡು ವರ್ಷ ಮೊದಲು ನಿನಗೊಬ್ಬ ಅಣ್ಣ ಹುಟ್ಟಿದ್ದ. ಬೆನ್ನು ಮುಚ್ಚಿಕೊಂಡಿರಲಿಲ್ಲ. ಎರಡು ದಿನ ಇದ್ದ. "ನೋಡಬೇಡಿ" ಎಂದಳು ನರ್ಸು, ನೋಡಿದೆ. ಅವನ ವಿಷಯ ಎತ್ತಕೂಡದೆಂದು ಅಪ್ಪನೂ ನಾನೂ ಅಂದೇ ಬಾಯಿ ಹೊಲಿದುಕೊಂಡೆವು. ನಿನ್ನನ್ನು ಹೊರುವ ಮೊದಲೇ ಶುರುಮಾಡಿ, ಒಂದು ದಿನವೂ ತಪ್ಪಿಸದೆ ನಾನು ಆ ಮಾತ್ರೆ ನುಂಗಿದ್ದೆ. ನನ್ನ ಅಂಗಡಿಯ ಭಾಷಣ ಕೇಳಿಯೇ ಬೆಳೆದ ನಿನಗೆ ಅದೊಂದನ್ನು ಹೇಳಲಿಲ್ಲ.