ಮೈ ಜಾಡಿಸದ ಹೋತ

ಚಿಗವ್ವಾ,

ನಿನ್ನ ಹೋತವನ್ನು ಮೋಸ ಮಾಡಿ ಕಡಿದರು. ಅದನ್ನು ನನಗೆ ಕೊಡಬೇಕೆಂದು ಸಾಯುವ ಮುಂಚೆ ನೀನು ಹೇಳಿದ್ದೆ. ನಿನ್ನ ಮೈದುನ ಹಣಮಂತ ಕಾಕಾ ನಿನ್ನ ಕೈ ಹಿಡಿದುಕೊಂಡೇ ಹೂಂ ಅಂದಿದ್ದ. ದೀಪಾವಳಿ ಕಳೆದ ಮಂಗಳವಾರ ಅವನೇ ಅದನ್ನು ದುರ್ಗವ್ವನ ಗುಡಿಯ ಮುಂದೆ ನಿಲ್ಲಿಸಿದ. ಬೆನ್ನ ಮೇಲೆ ನೀರು ಚಿಮುಕಿಸಿದರು. ಹೋತ ಮೈ ಜಾಡಿಸಿದರೆ ದೇವಿ ಒಪ್ಪಿದಳು, ಜಾಡಿಸದಿದ್ದರೆ ಬಿಟ್ಟುಬಿಡಬೇಕು; ನಮ್ಮೂರ ಕಟ್ಟಳೆ ನಿನಗೆ ಗೊತ್ತಿದ್ದದ್ದೇ. ಅದು ಜಾಡಿಸಲಿಲ್ಲ. ಇನ್ನೊಮ್ಮೆ ಚಿಮುಕಿಸಿದರು, ಬೊಗಸೆಯಲ್ಲಿ ಹೊಯ್ದರು. ಅದು ಕಂಬಕ್ಕೆ ಕಟ್ಟಿದ್ದ ಬೇವಿನ ಸೊಪ್ಪು ಜಗಿಯುತ್ತಾ ನಿಂತಿತ್ತು. ಆಗ ಕಾಕಾ ಬಗ್ಗಿ ಅದರ ಕಿವಿಯೊಳಗೆ ನೀರು ಬಿಟ್ಟ. ಕಿವಿಗೆ ನೀರು ಹೋದರೆ ಯಾವ ಪ್ರಾಣಿ ಜಾಡಿಸುವುದಿಲ್ಲ, ಹೇಳು?

ಕಾಲುವೆ ನೀರು ಕೊನೆಯ ಹೊಲದವರೆಗೆ ಬಂದರೆ ಹೋತ ಕೊಡುತ್ತೇನೆಂದು ಹರಕೆ ಹೊತ್ತಿದ್ದನಂತೆ. ಈ ಸಲ ನೀರು ಬಂತು. ಕಾಲುವೆಯ ಮೇಲಿನ ಹೊಲದವರು ಭತ್ತಕ್ಕೆಂದು ಎಲ್ಲವನ್ನೂ ಹಿಡಿದಿಟ್ಟುಕೊಳ್ಳದಿದ್ದರೆ ಅದು ಪ್ರತಿ ಸಲವೂ ಬರುತ್ತದೆ, ಇದರಲ್ಲಿ ಹೋತದ ತಪ್ಪೇನು ಎಂದು ನಾನು ಎಲ್ಲರ ಮುಂದೆ ಕೂಗಿದೆ. ಶಹಾಪುರದಿಂದ ಬಂದ ಬೀಗರು ನಕ್ಕರು. ಕಾಕಾ ನನ್ನ ಮುಖ ನೋಡದೆ ಹೇಳಿದ:

“ನಿನ್ನ ಪುಸ್ತಕ ಮುಚ್ಚವ್ವ ತಾಯಿ. ಮಸಾಲಿ ಅರದು ಆಗ್ಯದ.”

ಆ ಹೋತ ಯಾಕೆ ಜಾಡಿಸಲಿಲ್ಲ ಎಂಬುದು ಆ ಗುಂಪಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನೀನಿದ್ದಿದ್ದರೆ ಇಬ್ಬರಿಗೆ ಗೊತ್ತಿರುತ್ತಿತ್ತು.

ನೆನಪಿದೆಯಾ, ಅದೆಲ್ಲ ಶುರುವಾದದ್ದು ದೊಡ್ಡಿಯ ಜಾಲಿ ಬೇಲಿಯಿಂದ. ಚಳಿ ಇಳಿಯುತ್ತಿದ್ದ ಒಂದು ಮುಂಜಾನೆ ಮುಳ್ಳಿಗೆ ಸಿಕ್ಕಿದ್ದ, ಹಿಂಜಿದ ಹತ್ತಿಯಂಥ ಬೂದು ಎಳೆಗಳನ್ನು ನೀನು ತೆಗೆದು ಬೆರಳ ನಡುವೆ ಹೊಸೆದೆ. ಜೇಡರ ಬಲೆ ಇರಬೇಕು ಅಂದೆ ನಾನು. ನೀನು ಅದನ್ನು ಕಣ್ಣರೆಪ್ಪೆಯ ಮೇಲೆ ಇಟ್ಟುಕೊಂಡು ಎಷ್ಟು ಮೆತ್ತಗಿದೆ ಎಂದು ನೋಡಿದೆ. ಆಮೇಲೆ ಬೂದಿ ಎಂಬ ನಮ್ಮ ಆಡನ್ನು ಹಿಡಿದು, ನಿನ್ನ ತಲೆ ಬಾಚುವ ಹಣಿಗೆಯಿಂದಲೇ ಅದರ ಪಕ್ಕೆ ಬಾಚಿದೆ. ಒರಟು ಕೂದಲಿನ ಅಡಿಯಿಂದ ಅದೇ ತುಪ್ಪಳ ಬಂತು, ಒಂದು ಹಿಡಿಯೂ ಇಲ್ಲ. ಅವತ್ತು ಅದೇ ಹಣಿಗೆಯಿಂದ ನನ್ನ ಜಡೆ ಹಾಕಲು ಬಂದಾಗ ನಾನು ಓಡಿದ್ದು, ನೀನು ಓಣಿಯ ತುದಿಯವರೆಗೂ ಬೆನ್ನಟ್ಟಿದ್ದು…

ಸುರಪುರದ ದನದ ದವಾಖಾನೆಗೆ ಹೋದಾಗ ಜಗಲಿಯ ಮೇಲೆ ಯಾರೂ ಮುಟ್ಟದೆ ಧೂಳು ಹಿಡಿದಿದ್ದ ಕಿರುಹೊತ್ತಿಗೆಗಳಲ್ಲಿ ನಮ್ಮ ತುಪ್ಪಳದ ವಿಷಯ ಸಿಕ್ಕಿತು. ಹಿಮದ ನಾಡಿನ ಆಡುಗಳ ಇಂಥದ್ದೇ ತುಪ್ಪಳದ ಶಾಲುಗಳನ್ನು ರಾಣಿಯರು ಹೊದೆಯುತ್ತಿದ್ದರಂತೆ. ಆಡಿನ ಚರ್ಮದಲ್ಲಿ ಎರಡು ಬಗೆಯ ಕುಳಿಗಳು: ಒಂದರಿಂದ ಮೇಲಿನ ಒರಟು ಕೂದಲು, ಇನ್ನೊಂದರಿಂದ ಅಡಿಯ ತುಪ್ಪಳ. ತುಪ್ಪಳದ ಕುಳಿ ಎಷ್ಟಿರಬೇಕು, ಎಳೆ ಎಷ್ಟು ಸಣ್ಣಗಿರಬೇಕು ಎಂಬುದು ತಂದೆ ತಾಯಿ ಇಬ್ಬರಿಂದಲೂ ಬರುತ್ತದೆ. ಎಲ್ಲೋ ದೂರದ ದೇಶದಲ್ಲಿ ಬಿಡಾಡಿ ಆಡುಗಳನ್ನೇ ಆರಿಸಿ ಆರಿಸಿ ಶಾಲಿನ ಆಡು ಮಾಡಿದ್ದರು. ನಾನು ಬಸ್ಸಿನಲ್ಲಿ ಅದನ್ನು ಗಟ್ಟಿಯಾಗಿ ಓದಿದೆ. ಬಿಡಾಡಿ ಆಡಿಗೆ ಆದದ್ದು ನಮ್ಮ ಆಡಿಗೆ ಯಾಕೆ ಆಗಬಾರದು, ನಮಗೆ ಯಾಕೆ ಆಗಬಾರದು? ನೀನು ಕಿಟಕಿಯ ಹೊರಗೆ ನೋಡುತ್ತಾ ಹೇಳಿದ್ದು ಇಷ್ಟೇ.

“ರಾಣಿ ಬ್ಯಾಡ. ನಮ್ಮ ಮಲ್ಲಿ ಕೂಸಿಗಿ ಒಂದು ಕುಂಚಿಗಿ ಆದ್ರ ಸಾಕು.”

ಆಗ ಹಣಮಂತ ಕಾಕಾನ ಮಗಳು ಮಲ್ಲಮ್ಮಕ್ಕನಿಗೆ ಮದುವೆಯೂ ಆಗಿರಲಿಲ್ಲ, ಅವಳ ಕೂಸಿನ ತಲೆಗೆ ನೀನು ಆಗಲೇ ಟೊಪ್ಪಿಗೆ ಕಟ್ಟಿದ್ದೆ.

ಜಗಳವಾಡಿದ್ದೇನು ಕಡಿಮೆಯೇ? ಕಾಲುವೆ ಬಂದ ಮೇಲೆ ಮುಂಜಾನೆಗಳು ತಣ್ಣಗಾಗಿವೆ, ಆ ಥಂಡಿಗೇ ಆಡು ತುಪ್ಪಳ ಬಿಡುತ್ತದೆ ಅಂತ ನೀನು. ರಕ್ತದಲ್ಲಿ ಇಲ್ಲದ್ದು ಥಂಡಿಯಿಂದ ಬರುವುದಿಲ್ಲ ಅಂತ ನಾನು. ಮುದನಾಳದ ನಿನ್ನ ತವರಿನವರು ಸುರಪುರದ ಗುಡ್ಡದ ಕಡೆಯಿಂದ, ಈಗ ಕಡಿದರಲ್ಲ, ಆ ಕರಿ ಹೋತವನ್ನು ತಂದುಕೊಟ್ಟಾಗ ಜಗಳ ತೀರುವ ದಾರಿ ಸಿಕ್ಕಿತು. ಒಂದೇ ತಾಯಿಯ ಎರಡು ಸೂಲಿನ ಮರಿಗಳು, ಮೊದಲನೆಯದು ಊರ ಹೋತಕ್ಕೆ, ಎರಡನೆಯದು ಸುರಪುರದ ಹೋತಕ್ಕೆ. ಅದೇ ದೊಡ್ಡಿ, ಅದೇ ಜಾಲಿಕಾಯಿ, ಅದೇ ಚಳಿ. ಮೊದಲನೆಯದರ ಮೈಯಲ್ಲಿ ಹಣಿಗೆಗೆ ಏನೂ ಸಿಗಲಿಲ್ಲ. ಎರಡನೆಯದು ಬಾಚಿದಷ್ಟೂ ಕೊಟ್ಟಿತು. ನೀನು ಹಣಿಗೆಯನ್ನು ನನ್ನ ಕೈಗಿಟ್ಟು, ಇವತ್ತು ರೊಟ್ಟಿ ನಾನೇ ಬಡಿಯುತ್ತೇನೆ, ನೀನು ಗೆದ್ದವಳು, ಕೂತು ಉಣ್ಣು ಅಂದೆ.

ಗೆದ್ದ ಜಂಬದಲ್ಲಿ ಇಬ್ಬರೂ ಸೇರಿ ಎಡವಿದೆವು. ಹೆಚ್ಚು ತುಪ್ಪಳ ಕೊಟ್ಟವನ್ನು ಇಟ್ಟುಕೊಂಡು ಉಳಿದವನ್ನು ಸಂತೆಗೆ ಹೊಡೆದೆವು. ಮರುವರ್ಷ ತುಪ್ಪಳದ ಡಬ್ಬಿ ತುಂಬಿತು, ಆದರೆ ನೀನು ರೆಪ್ಪೆಯ ಮೇಲೆ ಇಟ್ಟು ಮುಖ ಸಿಂಡರಿಸಿದೆ. ಚುಚ್ಚುತ್ತಿತ್ತು. ತುಪ್ಪಳ ಹೆಚ್ಚಾದಂತೆ ಎಳೆ ದಪ್ಪವಾಗುವ ಗುಣ ಜೊತೆಗೇ ಬರುತ್ತದೆ, ಎರಡನ್ನೂ ನೋಡಿ ಆರಿಸಬೇಕು. ತೆಳು ಎಳೆ ಕೊಡುವ ಆಡುಗಳು ಅಷ್ಟರಲ್ಲಿ ಯಾದಗಿರಿಯ ಕಟುಕರ ಪಾಲಾಗಿದ್ದವು. ಮುದಿಯೆಂದು ಯಾರೂ ಕೊಳ್ಳದ ಬೂದಿ ಮಾತ್ರ ಉಳಿದಿತ್ತು. ನೀನು ಕೊನೆಯ ಚಳಿಗಾಲದಲ್ಲಿ ಅದನ್ನೇ ಹೋತದ ಜೊತೆ ಬಿಟ್ಟೆ. ಬೂದಿ ಗಬ್ಬವಾಗಿದೆಯೋ ಇಲ್ಲವೋ ಎಂದು ತಿಳಿಯುವ ಮೊದಲೇ ನೀನು…

ಇನ್ನೊಂದು ನೆನಪು, ಇವತ್ತು ನನ್ನ ನಿದ್ದೆ ಕೆಡಿಸಿರುವುದು ಅದೇ. ಜಿಟಿಜಿಟಿ ಮಳೆಯಲ್ಲಿ ಕಾಲುವೆಯ ಏರಿಯ ಮೇಲೆ ಸಿಕ್ಕಿಕೊಂಡಿದ್ದೆವು. ಬೇರೆ ಆಡುಗಳೆಲ್ಲ ಮೈ ಜಾಡಿಸುತ್ತಿದ್ದವು. ಹೋತ ಮಾತ್ರ ಗೌಡರ ಹಾಗೆ ನಿಂತಿತ್ತು. ನೀನು ಅದರ ಬೆನ್ನ ಕೂದಲು ಸರಿಸಿ ತೋರಿಸಿದೆ: ಮೇಲೆ ಹನಿ ನಿಂತಿವೆ, ತುಪ್ಪಳದ ಬುಡ ಒಣ.

“ನೋಡು, ಇವಂಗ ರೇನ್‌ಕೋಟ್ ಹೊಲಿಸಿ ಕಳಿಸ್ಯಾರ,” ಅಂದೆ.

ಗುಡಿಯ ಮುಂದೆಯೂ ಅಷ್ಟೇ ಆದದ್ದು. ನೀರು ಚರ್ಮಕ್ಕೆ ತಾಗಲೇ ಇಲ್ಲ.

ಈಗ ಸುದ್ದಿ ಕೇಳು. ಕಾಲುವೆಯ ಎರಡನೆಯ ಸರದಿಯ ನೀರು ನಮ್ಮ ಕೊನೆಯ ಹೊಲಗಳಿಗೆ ಬರಲಿಲ್ಲ. ದೇವಿ ಒಲ್ಲೆ ಅಂದರೂ ಕಿವಿಗೆ ನೀರು ಬಿಟ್ಟು ಕಡಿದದ್ದಕ್ಕೆ ಮುನಿದಿದ್ದಾಳೆ ಎಂದು ಊರು ಮಾತಾಡಿತು. ಅವತ್ತು ಉಂಡು ಕೈ ತೊಳೆದವರೇ ಮಾತಾಡಿದರು. ಆ ತಳಿಯ ಆಡನ್ನು ಇನ್ನು ಯಾರೂ ಹರಕೆಗೆ ಕೇಳುವುದಿಲ್ಲ, ಮುಟ್ಟಲೂ ಹೆದರುತ್ತಾರೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ನಮ್ಮ ಆಡುಗಳು ಉಳಿದ ಹಾಗೆಯೇ. ಅವ್ವನೂ ಅದನ್ನೇ ಹೇಳುತ್ತಾಳೆ.

“ಸುಮ್ನಿರು. ನೀ ಒದರಿದ್ರ ಉಳಿಲಿಲ್ಲ, ದೇವಿ ಹೆಸರಿಲೆ ಉಳದಾವ. ನಿನಗೇನ್ ಕಷ್ಟ?”

ಕಷ್ಟ ಮಲ್ಲಮ್ಮಕ್ಕನದು, ಚಿಗವ್ವಾ. ಚೊಚ್ಚಲ ಬಾಣಂತನಕ್ಕೆ ಬಂದಿದ್ದಾಳೆ. ದೇವಿಯ ಮುನಿಸು ಮಗಳ ಹೊಟ್ಟೆಗೆ ತಗಲುತ್ತದೆ ಎಂದು ಕಾಕಾ ಹೆದರಿ ಅರ್ಧ ಆಗಿದ್ದಾನೆ. ಮಂಗಳವಾರ ಬಂದರೆ ಸಾಕು, ಈ ಪುಷ್ಯದ ಚಳಿಯಲ್ಲಿ ಅವಳು ಕಾಲುವೆಯ ತೂಬಿನ ಹತ್ತಿರ ಮುಳುಗಿ, ಒದ್ದೆ ಸೀರೆಯಲ್ಲೇ ಗುಡಿಗೆ ನಡೆಯುತ್ತಾಳೆ. ಹೋದ ವಾರ ಏರಿಯ ಮೇಲೆ ಕಂಡೆ. ತುಟಿ ನೀಲಿಯಾಗಿತ್ತು, ಹಲ್ಲು ಕಟಕಟ ಅನ್ನುತ್ತಿದ್ದವು. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ನನ್ನನ್ನು ನೋಡಿ ನಗಲು ನೋಡಿದಳು.

“ನಮ್ಮಪ್ಪ ಮಾಡಿದ್ದು ನಾ ತೀರಸಾಕತ್ತೀನಿ,” ಅಂದಳು.

ನಾನು ಏನು ಹೇಳಲಿ? ಆಡು ಉಳಿಯಲಿ ಎಂದು ಸುಮ್ಮನಿರಲೇ? ಇಷ್ಟು ದಿನ ಮೂಢನಂಬಿಕೆಯ ವಿರುದ್ಧ ಓದಿದ ಒಂದೊಂದು ಹಾಳೆಯೂ ನನ್ನ ಮುಖಕ್ಕೆ ಉಗುಳುವುದಿಲ್ಲವೇ? ಅದೂ ಇರಲಿ. ನಿನ್ನ ಕುಂಚಿಗೆ ಯಾವ ತಲೆಗೆ ಎಂದು ನೀನು ಹೇಳಿಯೇ ಹೋಗಿದ್ದೆಯಲ್ಲ?

ನೀನು ಕೇಳದೆ ಹೋದ ಸುದ್ದಿ ಇದು: ಬೂದಿ ಮಳೆಗಾಲದಲ್ಲಿ ಈದಿತು. ಗಂಡು ಮರಿ, ಅಪ್ಪನಷ್ಟೇ ಕಪ್ಪು. ಮೊನ್ನೆ ನಿನ್ನ ಹಣಿಗೆಯಿಂದ ಅದರ ಪಕ್ಕೆ ಬಾಚಿದೆ. ಅಪ್ಪನ ಹಾಗೆ ಕೈ ತುಂಬ ಬಂತು. ರೆಪ್ಪೆಯ ಮೇಲೆ ಇಟ್ಟುಕೊಂಡೆ. ಇಟ್ಟದ್ದೇ ತಿಳಿಯಲಿಲ್ಲ ಚಿಗವ್ವಾ, ಬೂದಿಯದೇ ಎಳೆ.

ಆ ಮರಿಯನ್ನೇ ಕರೆದುಕೊಂಡು ಹೋಗುತ್ತೇನೆ. ಕಾಕಾನ ಮುಂದೆ ಅದರ ಬೆನ್ನಿಗೆ ನೀರು ಚಿಮುಕಿಸಿ, ಕೂದಲು ಸರಿಸಿ, ಒಣ ಬುಡ ಮುಟ್ಟಿಸುತ್ತೇನೆ. ದೇವಿ ಒಲ್ಲೆ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ, ಅದು ಬರೀ ತುಪ್ಪಳ ಎನ್ನುತ್ತೇನೆ. ಹೆದರಿಕೆ ಹೋದ ಮೇಲೆ ಊರಿನ ಕಣ್ಣು ಮತ್ತೆ ಈ ಮರಿಯ ಮೇಲೆ ಬೀಳಬಹುದು. ಬೀಳಲಿ. ಆಗ ಗುಡಿಯ ಮುಂದೆ ಅಡ್ಡ ನಿಲ್ಲಲು ನಾನಿದ್ದೇನೆ. ಒಬ್ಬ ಬಸುರಿಯನ್ನು ಚಳಿಯಲ್ಲಿ ನಡುಗಿಸಿ ಉಳಿಸಿಕೊಂಡ ತಳಿಯಿಂದ ಕೂಸಿನ ಕುಂಚಿಗೆ ಹೆಣೆಯುವುದು ಹೇಗೆ?

ತೂಬಿಗೆ ಬಾ ಎಂದು ಕಾಕಾನಿಗೆ ಹೇಳಿ ಬಂದಿದ್ದೇನೆ. ಯಾಕೆ ಎಂದು ಕೇಳಿದ. ನಿನ್ನ ಹೆಸರು ಹೇಳಿದೆ. ತಲೆ ತಗ್ಗಿಸಿ, ಬರುತ್ತೇನೆ ಎಂದ. ಮಲ್ಲಮ್ಮಕ್ಕ ನೀರಿಗಿಳಿಯುವ ಮೊದಲೇ ನಾವು ಅಲ್ಲಿರಬೇಕು.

ನೀನೂ ಬಾ. ಬರುವ ಮಂಗಳವಾರ, ಮುಂಜಾನೆ ಆರು ಗಂಟೆಗೆ, ತೂಬಿನ ಹತ್ತಿರ.

ನಿನ್ನ ಹುಡುಗಿ