ಗೌತಮಿ ಬರೆದ ‘ವಾಸ್’

ಜಹೀರಾಬಾದ್
20 ನವೆಂಬರ್ 2025

ಗೌತಮಿಯ ಪಪ್ಪನವರಿಗೆ ಸ್ವರೂಪಾಳ ಜೈ ಭೀಮ್.

ಬಕ್ಕಪ್ಪ ಮಾವನ ಕೈಯಲ್ಲಿ ಕಳಿಸಿದ ನಿಮ್ಮ ಪತ್ರ ಮುಟ್ಟಿತು. ನಿಮ್ಮ ನಂಬರನ್ನು ನಾನೇ ಬ್ಲಾಕ್ ಮಾಡಿದ್ದೇನೆ. ಹಾಗಾಗಿ ನನ್ನ ಉತ್ತರವೂ ಕಾಗದದಲ್ಲೇ.

ಮಕ್ಕಳ ದಿನದಂದು ನೀವು ಯಾರಿಗೂ ಹೇಳದೆ ಶಾಲೆಗೆ ಬಂದು, ಗೋಡೆಗೆ ಅಂಟಿಸಿದ್ದ ಚಿತ್ರಗಳನ್ನು ನೋಡಿ ಹೋಗಿದ್ದೀರಿ. ಪ್ರದರ್ಶನ ಇದೆಯೆಂದು ನಿಮಗೆ ಹೇಳಿದವರು ಯಾರು? ನನಗೆ ಮಾವನ ಮೇಲೇ ಅನುಮಾನ. ಅಷ್ಟು ದೂರ ಬಂದವರು ಮಗಳಿಗೆ ಮುಖ ತೋರಿಸದೆ ಹೋದದ್ದು ಯಾಕೆ? ನಾನು ಯಾರ ಜೊತೆ ಇದ್ದೇನೆಂದು ನೋಡಲು ಬಂದಿದ್ದಿರೋ, ಮಗಳ ಚಿತ್ರ ನೋಡಲೋ?

ಗೌತಮಿ ನಿಮ್ಮ ಚಿತ್ರದ ಕೆಳಗೆ ‘ಮೈ ಫಾದರ್ ವಾಸ್ ಟಾಲ್, ವೈಟ್ ಅಂಡ್ ಫನ್ನಿ’ ಎಂದು ಬರೆದಿದ್ದಾಳೆ. ನೀವು ಅದರ ಫೋಟೊ ಹೊಡೆದುಕೊಂಡು ಹೋಗಿ ನಿಮ್ಮ ಕಲ್ಲಿನ ಕಾರ್ಖಾನೆಯ ಮುನೀಮನಿಗೆ ತೋರಿಸಿದ್ದೀರಿ. ‘ವಾಸ್’ ಅಂದರೆ ಇದ್ದ, ಈಗ ಇಲ್ಲ ಎಂದು ಅವನು ಹೇಳಿದನಂತೆ. ಕೊರಳ ಸುತ್ತ ಇರುವ ಬಿಳಿ ಚುಕ್ಕಿಗಳನ್ನು ನೀವು ಹೂವಿನ ಹಾರ ಅಂದುಕೊಂಡಿರಿ. ‘ಗಂಡ ಸತ್ತಾನಂತ ಮಗಳಿಗಿ ಕಲಿಸೀದಿ’ ಎಂದು ಬರೆದಿದ್ದೀರಿ.

ಆ ಚುಕ್ಕಿಗಳು ಹೂವಲ್ಲ, ಕಲ್ಲಿನ ಪುಡಿ. ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡಿ ನೀವು ಮೈತುಂಬ ಬೆಳ್ಳಗಾಗಿ ಬರುತ್ತಿದ್ದುದನ್ನು ಮಗಳು ನೆನಪಿಟ್ಟಿದ್ದಾಳೆ.

ಮನೀಷಾ ಟೀಚರ್ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದೇ ಚಿತ್ರದಿಂದ. ನಿನ್ನೆ ಏನು ನಡೆಯಿತೋ ಅದನ್ನು ಮೊದಲು ಬಿಡಿಸಬೇಕು, ಆಮೇಲೆ ಅದರ ಮಾತುಗಳನ್ನು ಕಲಿಯಬೇಕು. ಈಟ್ ಇದ್ದದ್ದು ಏಟ್ ಆಗುತ್ತದೆ, ಗೋ ಇದ್ದದ್ದು ವೆಂಟ್. ತಟ್ಟೆಯಲ್ಲಿ ರೊಟ್ಟಿ, ಬ್ಯಾಳಿ, ಉಳ್ಳಾಗಡ್ಡಿ ಬಿಡಿಸಿದರೆ ಒಂದರಿಂದ ಇನ್ನೊಂದಕ್ಕೆ ಪೆನ್ಸಿಲು ಎತ್ತಿದ ಕಡೆಯಲ್ಲೆಲ್ಲ ಕಾಮಾ.

ನಿಜ ಹೇಳುತ್ತೇನೆ, ನನಗೂ ಟೀಚರ್ ಮೇಲೆ ಸಂಶಯ ಇತ್ತು. ಮನೆಯೊಳಗಿನದೆಲ್ಲ ಮಕ್ಕಳ ಕೈಯಿಂದ ಬಿಡಿಸಿಕೊಳ್ಳುವವರಿಗೆ ನಮ್ಮ ಸಂಸಾರ ಯಾಕೆ ಬೇಕು? ಮನೆ ಬಿಡಿಸಬೇಡ, ಗುಡ್ಡ ಬಿಡಿಸು ಎಂದು ಗೌತಮಿಗೆ ಹೇಳಿಕೊಟ್ಟಿದ್ದೆ. ಅವಳು ಕೇಳಲಿಲ್ಲ.

ನಿಮ್ಮ ಪತ್ರ ಬಂದ ಸಂಜೆ ಅವಳನ್ನು ಮುಂದೆ ಕೂಡಿಸಿಕೊಂಡು ಕೇಳಿದೆ: “ಪಪ್ಪಗ ವಾಸ್ ಅಂತ ಯಾಕ ಬರ್ದಿ?”

“ಎಲ್ಲಾರೂ ವಾಸ್ ಬರೀಬೇಕಂತ ಟೀಚರ್ ಹೇಳ್ಯಾರವ್ವ. ನಮ್ ಕ್ಲಾಸಿನ ಮನೀಷ್‌ನ ಆಡಿಗಿ ಭೀ ವಾಸ್ ಅದ,” ಎಂದಳು.

ಅವಳ ಮಾತನ್ನೂ ನಾನು ನಂಬಲಿಲ್ಲ. ಮರುದಿನ ಪಸ್ತಾಪುರದ ಸಂಘದಲ್ಲಿ ನವಣೆ ಪ್ಯಾಕ್ ಮಾಡುವ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋದೆ. ಗೋಡೆಯ ಉದ್ದಕ್ಕೂ ಒಂದೊಂದೇ ಚಿತ್ರ ನೋಡಿದೆ, ಎಲ್ಲದರ ಕೆಳಗೂ ‘ವಾಸ್’. ಆಡು ಕಪ್ಪಗಿತ್ತು, ಬಸ್ಸು ಕೆಂಪಗಿತ್ತು, ಅಜ್ಜಿ ದಪ್ಪಗಿದ್ದಳು. ಆ ಅಜ್ಜಿ ನನ್ನ ಪಕ್ಕದಲ್ಲೇ ನಿಂತು ತನ್ನ ಚಿತ್ರ ನೋಡಿ ನಗುತ್ತಿದ್ದಳು.

ಅಷ್ಟರಲ್ಲಿ ಮನೀಷಾ ಟೀಚರ್ ಬಂದರು. ಅವತ್ತು ಬೆಳಿಗ್ಗೆಯೇ ಗೌತಮಿ ಅವರ ಹತ್ತಿರ ಹೋಗಿ, “ಈಗ ಇದ್ದವರಿಗಿ ಏನ್ ಬರೀಬೇಕ್ರಿ?” ಎಂದು ಕೇಳಿ, ಇನ್ನೊಂದು ಹಾಳೆ ಇಸಿದುಕೊಂಡು, ‘ಮೈ ಫಾದರ್ ಈಸ್ ಇನ್ ತಾಂಡೂರ್’ ಎಂದು ಬರೆದು ಕೊಟ್ಟಳಂತೆ. ಆ ಹಾಳೆಯನ್ನು ನನ್ನ ಕೈಗಿಟ್ಟು ಟೀಚರ್ ನನ್ನನ್ನು ಒಂದು ಮಾತು ಕೇಳಿದರು. ನಾನು ಹಾಳೆ ಮಡಿಚಿಕೊಂಡು ಕೆಲಸಕ್ಕೆ ಹೊರಟುಬಿಟ್ಟೆ.

ಆ ಕೂಸಿಗೆ ಅಪ್ಪ ಇಲ್ಲ ಎಂದು ಶಾಲೆಯ ಆಯಾ ಚಂದ್ರಾಬಾಯಿ ನಿಮಗೆ ಹೇಳಿದಳೆಂದು ಬರೆದಿದ್ದೀರಿ. ಅವಳಿಗೆ ವಯಸ್ಸಾಗಿದೆ, ಯಾರ ಮಗು ಯಾವುದೆಂದು ಗೊತ್ತಾಗುವುದಿಲ್ಲ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿರಿ.

ಗೌತಮಿಯ ಎರಡನೇ ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ. ಮುನೀಮನಿಗೆ ಇದನ್ನೂ ತೋರಿಸಿರಿ.

ಇತಿ,
ಸ್ವರೂಪಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಚಂದ್ರಾಬಾಯಿ ಸುಳ್ಳು ಹೇಳಲಿಲ್ಲ. ಜೂನ್‌ನಲ್ಲಿ ಶಾಲೆಗೆ ಹೆಸರು ಹಚ್ಚುವಾಗ ಅಪ್ಪನ ಸಹಿ ಕೇಳಿದರು. ಎರಡು ತಿಂಗಳಿಂದ ನೀವು ನನ್ನ ಫೋನ್ ಎತ್ತಿರಲಿಲ್ಲ. ಅದಕ್ಕೆ ಮೊದಲು ಎತ್ತಿದಾಗಲೂ ಎಲ್ಲಿದ್ದಿ, ಯಾರ ಜೊತೆ ಇದ್ದಿ ಎಂಬುದಷ್ಟೇ ನಿಮ್ಮ ಪ್ರಶ್ನೆ. ಸಿಟ್ಟಿನಲ್ಲಿ ನಿಮ್ಮ ಹೆಸರಿನ ಮೊದಲು ‘ದಿವಂಗತ’ ಎಂದು ನಾನೇ ಬರೆಸಿದೆ. ಮಗಳಿಗೆ ಇದು ಗೊತ್ತಿಲ್ಲ. ಟೀಚರ್ ಕೇಳಿದ್ದು ಇದನ್ನೇ. ಇವತ್ತು ಹೋಗಿ ತಿದ್ದಿರೆಂದು ಕೇಳಿಕೊಂಡೆ. ನೀವೇ ಬಂದು ಸಹಿ ಹಾಕಬೇಕಂತೆ. ಸೋಮವಾರ ಹತ್ತು ಗಂಟೆಗೆ ಆಧಾರ್ ಕಾರ್ಡ್ ತೆಗೆದುಕೊಂಡು ಬನ್ನಿರಿ. ಶಾಲೆಯಲ್ಲಿ, ಟೀಚರ್ ಮುಂದೆ ನನ್ನನ್ನು ಬೈಯಬೇಡಿರಿ. ಬೈಯುವುದಿದ್ದರೆ ಮನೆಗೆ ಬಂದು ಬೈಯಿರಿ.